ವಾಷಿಂಗ್ಟನ್ ಅನ್ನೋದು ಯಾರ ಹೆಸರು?

ಸುದ್ದಿ ಓದುವಾಗ ದಿನಕ್ಕೆ ಹತ್ತು ಸಲ 'ವಾಷಿಂಗ್ಟನ್' ಅಂತೀನಿ. ಆದ್ರೆ ಮೂಲ ವಾಷಿಂಗ್ಟನ್ ಇರೋದು ಅಮೆರಿಕದಲ್ಲಲ್ಲ ಸ್ವಾಮಿ, ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸಂಡರ್‌ಲ್ಯಾಂಡ್ ಪಕ್ಕ. ಕೊನೆಯ 'ಟನ್' ಇದೆಯಲ್ಲ, ಅದು ಹಳೆಯ ಇಂಗ್ಲಿಷಿನ 'ಟೂನ್'. ಬೇಲಿ ಹಾಕಿದ ಹೊಲಮನೆ, ಊರು ಅಂತ ಅರ್ಥ. 12ನೇ ಶತಮಾನದಲ್ಲಿ ಹರ್ಟ್‌ಬರ್ನ್‌ನ ವಿಲಿಯಂ ಅನ್ನೋನು ಇಲ್ಲಿ ಜಮೀನು ಪಡೆದ. ಊರು ಬದಲಾಯ್ತು, ಹೆಸರೂ ಬದಲಾಯ್ತು. ಆ ವಂಶದ ಜಾನ್ 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಹೋದ. ಅವನ ಮರಿಮಗನೇ ಜಾರ್ಜ್ ವಾಷಿಂಗ್ಟನ್.

ಇಷ್ಟೇ ಆಗಿದ್ರೆ ನಾನು ಬರೀತಿರಲಿಲ್ಲ. 2000ದ ಅಮೆರಿಕದ ಜನಗಣತಿ ನೋಡಿ. ಆ ಹೆಸರಿನವರಲ್ಲಿ ಸುಮಾರು ಶೇ. 90 ಮಂದಿ ಕಪ್ಪು ಜನಾಂಗದವರು! ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ, ಗುಲಾಮರಿದ್ದರು. ಹಾಗಂತ ಇವರೆಲ್ಲ ಆ ಗುಲಾಮರ ಸಂತತಿ ಅಂದ್ಕೋಬೇಡಿ. ಬುಕರ್ ಅನ್ನೋ ಹುಡುಗನನ್ನೇ ತಗೊಳ್ಳಿ. ಗುಲಾಮನಾಗಿ ಹುಟ್ಟಿದವನು, ಬಿಡುಗಡೆಯಾದ ಮೇಲೆ ಶಾಲೆಗೆ ಹೋದ. ಹಾಜರಿ ಕೂಗ್ತಿದ್ದಾರೆ. ಎಲ್ಲರಿಗೂ ಎರಡೆರಡು ಹೆಸರು, ಇವನಿಗೆ ಒಂದೇ. ಸರದಿ ಬಂತು. ಸ್ವಲ್ಪವೂ ಅಳುಕದೆ 'ಬುಕರ್ ವಾಷಿಂಗ್ಟನ್' ಅಂದುಬಿಟ್ಟ.

1881ರಲ್ಲಿ ಅಲಬಾಮಾದ ಟಸ್ಕೆಗೀಯಲ್ಲಿ ಕಪ್ಪು ಜನರಿಗಾಗಿ ಶುರುವಾದ ಶಿಕ್ಷಣ ಸಂಸ್ಥೆಗೆ ಮೊದಲ ಮುಖ್ಯಸ್ಥನಾದದ್ದು ಇವನೇ.