ಗುಹ್ಯದೇಶದ ನರುಲಿ: ಅದರ ನಿದಾನ ಚಿಕಿತ್ಸೆಗಳ ಪೂರ್ವೋತ್ತರ

ವ್ಯಾಧಿಗಳಲ್ಲಿ ಕೆಲವು ದೇಹಕ್ಕಿಂತ ಹೆಚ್ಚಾಗಿ ಮಾನವನ್ನು ಬಾಧಿಸುತ್ತವೆ. ಗುಹ್ಯದೇಶದಲ್ಲಿ ಹುಟ್ಟುವ ನರುಲಿಯು ಅಂಥವುಗಳಲ್ಲೊಂದು. ಕೈಬೆರಳಿನ ಮೇಲೆ ನರುಲಿ ಎದ್ದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯ ರೈತನು ಅದನ್ನು ನೆರೆಯವರಿಗೆ ತೋರಿಸಿ ಮದ್ದು ಕೇಳುತ್ತಾನೆ. ಸುಣ್ಣ ಹಚ್ಚೆನ್ನುವವರೂ ಕೂದಲೆಳೆ ಬಿಗಿದು ಕಟ್ಟೆನ್ನುವವರೂ ದೊರೆಯುತ್ತಾರೆ. ಅದೇ ನರುಲಿ ಮರೆಯ ಸ್ಥಳದಲ್ಲಿ ಎದ್ದರೆ ಬಾಯಿ ಕಟ್ಟಿಹೋಗುತ್ತದೆ. ವೈದ್ಯನ ಬಳಿಗೆ ಹೋಗದೆ, ಸುಣ್ಣವನ್ನೇ ಗುಟ್ಟಾಗಿ ಹಚ್ಚಿಕೊಂಡು ಹುಣ್ಣು ಮಾಡಿಕೊಳ್ಳುವುದೂ ಉಂಟು. ಮನೆಯಲ್ಲಿ ತಿಳಿದುಬಂದರಂತೂ ಗಂಡಹೆಂಡಿರಲ್ಲಿ ತಪ್ಪಿ ನಡೆದವರು ಯಾರೆಂಬ ವಿಚಾರಣೆಯೇ ಮೊದಲಾಗುತ್ತದೆ. ತೀರ್ಪು ಬಹುಮಟ್ಟಿಗೆ ಹೆಣ್ಣಿನ ಮೇಲೆ ಬೀಳುತ್ತದೆ. ಈ ವ್ಯಾಧಿಯನ್ನು ಲೋಕವು ಆಯಾ ಕಾಲದಲ್ಲಿ ಹೇಗೆ ತಿಳಿಯಿತೆಂಬುದನ್ನು ನೋಡಿದರೆ ಆ ತೀರ್ಪಿಗೆ ಎಷ್ಟು ಆಧಾರವಿದೆಯೆಂಬುದು ವಿದಿತವಾದೀತು.

ಪ್ರಾಚೀನರು ಇದನ್ನು ಚೆನ್ನಾಗಿ ಕಂಡಿದ್ದರು. ಸುಶ್ರುತಸಂಹಿತೆಯ ನಿದಾನಸ್ಥಾನದ ಎರಡನೆಯ ಅಧ್ಯಾಯವು ಅರ್ಶಸ್ಸು, ಎಂದರೆ ಮೂಲವ್ಯಾಧಿಯನ್ನು ಕುರಿತದ್ದು. ಆದರೆ ಗುದದಲ್ಲಿ ಹುಟ್ಟುವ ಮೊಳಕೆಗಳನ್ನು ಹೇಳಿದ ಮೇಲೆ ಆಚಾರ್ಯನು ಅಲ್ಲಿಗೇ ನಿಲ್ಲಿಸುವುದಿಲ್ಲ. ಪುರುಷನ ಮೇಢ್ರದಲ್ಲಿ ತುರಿಕೆ ಹುಟ್ಟಿ, ಕೆರೆದ ಗಾಯದಲ್ಲಿ ಮಾಂಸದ ಚಿಗುರುಗಳು ಏಳುವುದನ್ನೂ, ಸ್ತ್ರೀಯರಲ್ಲಿ ಕೊಡೆಯ ಆಕಾರದ ಮೃದುವಾದ, ದುರ್ಗಂಧವುಳ್ಳ ಅಂಕುರಗಳು ಹುಟ್ಟುವುದನ್ನೂ ವರ್ಣಿಸುತ್ತಾನೆ. ಮಳೆಗಾಲದ ಅಣಬೆಯನ್ನು ಕಂಡವರಿಗೆ ಆ ಕೊಡೆಯ ಉಪಮಾನದ ಸೊಗಸು ಕೂಡಲೇ ತಿಳಿಯುತ್ತದೆ. ಚರ್ಮದ ಮೇಲೆ ಮೊಳೆಯಂತೆ ಏಳುವುದಕ್ಕೆ ಚರ್ಮಕೀಲವೆಂಬ ಹೆಸರೂ ಅದೇ ಅಧ್ಯಾಯದಲ್ಲಿದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ದೋಷಗಳು ಕೆಟ್ಟು ಆ ಸ್ಥಳವನ್ನು ಸೇರಿದವೆಂದು ಹೇಳಿದೆಯೇ ಹೊರತು ರೋಗಿಯ ಶೀಲದ ಮಾತನ್ನು ಎತ್ತಿಲ್ಲ.

ಅರ್ಶಸ್ಸಿನ ಚಿಕಿತ್ಸೆ ನಾಲ್ಕು ಬಗೆ: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಇವುಗಳಲ್ಲಿ ಕ್ಷಾರವಿಧಿಯು ಬಹು ಸ್ವಾರಸ್ಯವಾದುದು. ಕ್ಷಾರಕ್ಕಾಗಿ ಸುಡಬೇಕಾದ ಗಿಡಮರಗಳ ಪಟ್ಟಿಯಲ್ಲಿ ಮುತ್ತುಗ, ಕಕ್ಕೆ, ಎಕ್ಕ, ಕಳ್ಳಿ, ಹೊಂಗೆ, ಉತ್ತರಣೆಗಳು ಬರುತ್ತವೆ. ಇವುಗಳಲ್ಲಿ ಮಾಗಡಿ ಕನಕಪುರಗಳ ಬೇಲಿಬದುಗಳಲ್ಲಿ ಸಿಕ್ಕದ್ದು ಯಾವುದೂ ಇಲ್ಲ. ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ತೆಗೆದ ಕ್ಷಾರವನ್ನು ಹಚ್ಚಿ, ನೂರು ಮಾತ್ರೆಗಳನ್ನು ಉಚ್ಚರಿಸುವಷ್ಟು ಹೊತ್ತು ಬಿಡಬೇಕು. ಮೊಳಕೆಯು ಮಾಗಿದ ನೇರಳೆಹಣ್ಣಿನಂತೆ ಕಪ್ಪಾದರೆ ಸರಿಯಾಗಿ ದಗ್ಧವಾಯಿತೆಂದು ತಿಳಿಯಬೇಕು. ಬಳಿಕ ಹುಳಿ ಪದಾರ್ಥದಿಂದ ಅದನ್ನು ಶಮನಮಾಡಬೇಕು. ಉಗ್ರವಾದ ಕ್ಷಾರವನ್ನು ಉಗ್ರವಾದ ಹುಳಿಯು ಹೇಗೆ ತಣಿಸೀತೆಂಬ ಶಂಕೆಯನ್ನು ಗ್ರಂಥವೇ ಎತ್ತಿ, ಕ್ಷಾರದಲ್ಲಿ ಆಮ್ಲವೊಂದುಳಿದು ಮಿಕ್ಕ ರಸಗಳಿವೆ, ಆಮ್ಲವು ಕೂಡಿದಾಗ ಅದರ ತೀಕ್ಷ್ಣತೆ ಅಳಿಯುತ್ತದೆಂದು ಸಮಾಧಾನ ಹೇಳುತ್ತದೆ. ಇಂದಿನ ರಸಾಯನಶಾಸ್ತ್ರದ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ಮೊದಲ ವರ್ಷದಲ್ಲೇ ನೋಡುವ ಸಂಗತಿ ಇದು. ಆದರೆ ಅದೇ ಕ್ಷಾರಪಾಕದ ಅಧ್ಯಾಯವು ಕ್ಷಾರವನ್ನು ಹಾಕಬಾರದ ಸ್ಥಳಗಳಲ್ಲಿ ಪುರುಷನ ಗುಹ್ಯಾಂಗವನ್ನೂ ಎಣಿಸಿದೆ. ಅಲ್ಪಮತಿಯ ಕೈಯ ಕ್ಷಾರವು ವಿಷಕ್ಕೂ ಶಸ್ತ್ರಕ್ಕೂ ಸಮಾನವೆಂದೂ ಎಚ್ಚರಿಸಿದೆ. ಗುಟ್ಟಾಗಿ ಸುಣ್ಣ ಹಚ್ಚುವವರಿಗೆ ಈ ನಿಷೇಧವನ್ನು ಹೇಳುವವರಿಲ್ಲ.

ಮುಂದೆ ಗೊಂದಲವು ಬೇರೆ ದಿಕ್ಕಿನಿಂದ ಬಂದಿತು. ಪೋರ್ಚುಗೀಸರು ಬಂದ ತರುವಾಯ ಈ ದೇಶದಲ್ಲಿ ಕಾಣಿಸಿಕೊಂಡ ಫಿರಂಗರೋಗವನ್ನು 16ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ವರ್ಣಿಸಿದನು. ಆ ರೋಗದಲ್ಲಿಯೂ ಗುಹ್ಯದೇಶದಲ್ಲಿ ಚಪ್ಪಟೆಯಾದ, ಒದ್ದೆಯಾದ ಗಂಟುಗಳು ಏಳುವುದರಿಂದ ನೋಡುವವರಿಗೆ ಎರಡೂ ಒಂದೇ ಆಗಿ ತೋರಿತು. ಯೂರೋಪಿನಲ್ಲಿಯೂ ಹೀಗೆಯೇ. ಫಿರಂಗರೋಗ, ಮೂತ್ರಮಾರ್ಗದಿಂದ ಕೀವು ಸುರಿಯುವ ಪ್ರಮೇಹ, ಈ ನರುಲಿ, ಮೂರೂ ಒಂದೇ ವಿಷದ ಕವಲುಗಳೆಂದು ದೊಡ್ಡ ದೊಡ್ಡ ವೈದ್ಯರೂ ನಂಬಿದ್ದರು. ಮೊದಲೆರಡು ಬೇರೆಯೆಂದು 1793ರಲ್ಲಿ ಸ್ಕಾಟ್ಲೆಂಡಿನ ಬೆಂಜಮಿನ್ ಬೆಲ್ ವಾದಿಸಿದನು. 1838ರಲ್ಲಿ ಫ್ರಾನ್ಸಿನ ಫಿಲಿಪ್ ರಿಕಾರ್ ಅದನ್ನು ಸ್ಥಾಪಿಸಿದನು. ನರುಲಿ ಮಾತ್ರ ಇನ್ನೂ ಬಹುಕಾಲ ಪರರ ಅಪಕೀರ್ತಿಯನ್ನು ಹೊತ್ತುಕೊಂಡೇ ಇತ್ತು.

ಆ ಅಪಕೀರ್ತಿಗೆ ಕಾನೂನಿನ ಬಲವೂ ದೊರೆಯಿತು. ಬೆಂಗಳೂರಿನ ದಂಡಿನಲ್ಲಿ ಗುಹ್ಯರೋಗಗಳಿಗಾಗಿ ಲಾಕ್ ಆಸ್ಪತ್ರೆಯೊಂದು 19ನೆಯ ಶತಮಾನದಲ್ಲಿ ನಡೆಯುತ್ತಿತ್ತು. ಕ್ಲೋಸ್‌ಪೇಟೆಯೆಂದು ಅಂದು ಹೆಸರಾಗಿದ್ದ ರಾಮನಗರಕ್ಕೆ ಈ ದಂಡು ಬಹು ದೂರದ್ದೇನೂ ಅಲ್ಲ. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ, ದಂಡಿನ ಊರುಗಳಲ್ಲಿ ಪಟ್ಟಿಗೆ ಸೇರಿದ ಹೆಂಗಸರನ್ನು ಬಲಾತ್ಕಾರವಾಗಿ ಪರೀಕ್ಷಿಸಿ, ರೋಗಿಗಳೆಂದು ಕಂಡವರನ್ನು ಇಂಥ ಆಸ್ಪತ್ರೆಗಳಲ್ಲಿ ಇಡುತ್ತಿದ್ದರು. ಅವರ ಬಳಿಗೆ ಹೋದ ಸಿಪಾಯಿಗೆ ಆ ಕಾಯಿದೆಯಲ್ಲಿ ಪರೀಕ್ಷೆಯಿಲ್ಲ. 1888ರಲ್ಲಿ ಕಾಯಿದೆ ರದ್ದಾಯಿತು. ರೋಗದ ಮೂಲ ಹೆಣ್ಣೇ ಎಂಬ ಎಣಿಕೆ ಅದರೊಂದಿಗೆ ರದ್ದಾಗಲಿಲ್ಲ.

ನರುಲಿಯ ನಿಜವಾದ ಕಾರಣವು ಹೊರಬಿದ್ದುದು 20ನೆಯ ಶತಮಾನದಲ್ಲಿ. ಸೂಕ್ಷ್ಮಜೀವಿಗಳೂ ಹಾಯಲಾರದ ಶೋಧಕದಲ್ಲಿ ಸೋಸಿದ ನರುಲಿಯ ರಸದಿಂದಲೂ ಹೊಸ ನರುಲಿ ಏಳುತ್ತದೆಂದು 1907ರಲ್ಲಿ ಇಟಲಿಯ ಚುಫೋ ತೋರಿಸಿದನು. ಆದುದರಿಂದ ಕಾರಣವು ವೈರಸ್ ಎಂದಾಯಿತು. 1954ರಲ್ಲಿ ಬ್ಯಾರೆಟ್ ಮತ್ತು ಸಂಗಡಿಗರು, ಕೊರಿಯಾ ಯುದ್ಧದಿಂದ ಹಿಂದಿರುಗಿದ ಅಮೆರಿಕದ ಸೈನಿಕರ ಹೆಂಡಿರಲ್ಲಿ ಗಂಡಂದಿರು ಮನೆ ಸೇರಿದ ಕೆಲವು ವಾರಗಳ ಮೇಲೆ ಈ ನರುಲಿ ಎದ್ದುದನ್ನು ಪ್ರಕಟಿಸಿದರು. ಮನೆಬಿಟ್ಟು ಕದಲದ ಹೆಂಗಸರಿಗೆ ಅದು ಎಲ್ಲಿಂದ ಬಂದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1980ರ ಈಚೆಗೆ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಮತ್ತು ಅವರ ಸಹೋದ್ಯೋಗಿಗಳು ಈ ನರುಲಿಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ 6 ಮತ್ತು 11ನೆಯ ಬಗೆಗಳನ್ನು ಕಂಡುಹಿಡಿದರು. ನೂರಕ್ಕೆ ಸುಮಾರು 90 ನರುಲಿಗಳು ಇವೆರಡರಿಂದಲೇ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೆಯ ಬಗೆಗಳು ಬೇರೆ.

ಈ ವೈರಸ್ ಮುಖ್ಯವಾಗಿ ಸಂಗಮಕಾಲದ ಚರ್ಮಸ್ಪರ್ಶದಿಂದ ಅಂಟುತ್ತದೆ. ಆದರೆ ಅಂಟಿದ ಮೇಲೆ ನರುಲಿ ಏಳಲು ವಾರಗಳಾಗಬಹುದು, ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು. ಅನೇಕರಲ್ಲಿ ಏಳುವುದೇ ಇಲ್ಲ. ಹಾಗಾಗಿ ಇಂದು ಎದ್ದ ನರುಲಿಯನ್ನು ನೋಡಿ ಅದು ಯಾರಿಂದ, ಎಂದು ಬಂದಿತೆಂದು ಯಾವ ವೈದ್ಯನೂ ನಿಶ್ಚಯಿಸಲಾರನು. ಮನೆಯ ಪಂಚಾಯಿತಿಯು ಮಾತ್ರ ನಿಶ್ಚಯಿಸಿಬಿಡುತ್ತದೆ!

ನಿದಾನವು ಇಂದಿಗೂ ಪ್ರಾಯಶಃ ಕಣ್ಣಿನಿಂದಲೇ. ಫಿರಂಗರೋಗದ ಗಂಟೋ ಎಂಬ ಸಂದೇಹವನ್ನು ರಕ್ತಪರೀಕ್ಷೆ ಕಳೆಯುತ್ತದೆ. 1906ರಲ್ಲಿ ವಾಸರ್ಮನ್ ತೋರಿದ ದಾರಿ ಅದು. ಕಪ್ಪಾದ, ಗಟ್ಟಿಯಾದ, ಹುಣ್ಣಾದ, ಅಥವಾ ಔಷಧಕ್ಕೆ ಬಗ್ಗದ ಗಂಟಾದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚಿಕಿತ್ಸೆಯಲ್ಲಿ ಹಳೆಯ ನಾಲ್ಕು ಬಗೆಗಳ ಹೋಲಿಕೆ ಇನ್ನೂ ಕಾಣುತ್ತದೆ. 1942ರಲ್ಲಿ ಅಮೆರಿಕದ ಕಪ್ಲಾನ್ ಬಳಕೆಗೆ ತಂದ ಪೊಡೊಫಿಲಿನ್ ಒಂದು ಗಿಡದ ಬೇರಿನ ಅಂಟು. ಆ ಗಿಡದ ದಾಯಾದಿಯು ಹಿಮಾಲಯದಲ್ಲಿಯೂ ಬೆಳೆಯುತ್ತದೆ. ಗರ್ಭಿಣಿಯರಿಗೆ ಅದು ವರ್ಜ್ಯ. ಕ್ಷಾರದ ಸ್ಥಾನದಲ್ಲಿ ತೀಕ್ಷ್ಣವಾದ ಆಮ್ಲ, ಅಗ್ನಿಯ ಸ್ಥಾನದಲ್ಲಿ ವಿದ್ಯುತ್ತು, ಜೊತೆಗೆ ಅತಿಶೀತಲವಾದ ದ್ರವಸಾರಜನಕ, ಕಡೆಗೆ ಶಸ್ತ್ರ. ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಇಮಿಕ್ವಿಮಾಡ್ ಎಂಬ ಲೇಪವು 1997ರಲ್ಲಿ ಬಂದಿತು. ಇವೆಲ್ಲವೂ ಕಣ್ಣಿಗೆ ಕಾಣುವ ನರುಲಿಯನ್ನು ತೆಗೆಯುತ್ತವೆ. ಚರ್ಮದೊಳಗೆ ಉಳಿದ ವೈರಸ್ಸಿನಿಂದ, ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿ, ಅದು ಮರಳಿ ಏಳಬಹುದು. ಮರಳಿ ಎದ್ದಿತೆಂದರೆ ಮರಳಿ ತಪ್ಪು ನಡೆಯಿತೆಂದಲ್ಲ. ಕೆಲವರಲ್ಲಿ ತಾನಾಗಿಯೇ ಉದುರಿಹೋಗುವುದೂ ಉಂಟು.

2006ರಲ್ಲಿ ಲಸಿಕೆ ಬಂದಿತು. 6, 11, 16, 18 ಈ ನಾಲ್ಕೂ ಬಗೆಗಳನ್ನು ತಡೆಯುವ ಆ ಲಸಿಕೆಯನ್ನು ಆಸ್ಟ್ರೇಲಿಯಾ 2007ರಿಂದ ತನ್ನ ಹುಡುಗಿಯರಿಗೆ ಹಾಕಿಸಿತು; ಕೆಲವೇ ವರ್ಷಗಳಲ್ಲಿ ಅಲ್ಲಿಯ ತರುಣಿಯರಲ್ಲಿ ನರುಲಿಯು ಬಹಳ ಅಪರೂಪವಾಯಿತು. ಲಸಿಕೆ ಹಾಕಿಸದ ತರುಣರಲ್ಲಿಯೂ ಅದು ಕಡಮೆಯಾಯಿತು. ಪುಣೆಯಲ್ಲಿ ತಯಾರಾದ ಇದೇ ಬಗೆಯ ಲಸಿಕೆ 2023ರಲ್ಲಿ ಭಾರತದ ಪೇಟೆಗೆ ಬಂದಿದೆ. ಎದ್ದ ನರುಲಿಯನ್ನು ಅದು ಕಳೆಯಲಾರದು. ವೈರಸ್ ಅಂಟುವುದಕ್ಕೆ ಮೊದಲೇ, ಒಂಬತ್ತರಿಂದ ಹದಿನಾಲ್ಕರ ವಯಸ್ಸಿನೊಳಗೆ ಹಾಕಿಸಿದರೆ ಫಲ ಹೆಚ್ಚು.