ಮೇಕಪ್ ಬ್ರಷ್ ತೊಳೆಯಲು ಕುದಿಯುವ ನೀರು, ವಿನೆಗರ್, ಸ್ಯಾನಿಟೈಸರ್: ಯಾವುದು ಸರಿ?

"ಸ್ಯಾನಿಟೈಸರ್ ಸಿಂಪಡಿಸಿದರೆ ಸಾಕು, ತೊಳೆಯುವುದೇ ಬೇಡ." "ಕುದಿಯುವ ನೀರಿನಲ್ಲಿ ಅದ್ದಿದರೆ ಬ್ರಷ್ ಹೊಸದಾಗುತ್ತದೆ." "ಸೋಪಿಗೆ ವಿನೆಗರ್ ಬೆರೆಸಿ ನೋಡಿ." ಮೇಕಪ್ ಬ್ರಷ್ ಬಗ್ಗೆ ಇಂಥ ಸಲಹೆಗಳು ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಮೂರನ್ನೂ ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು, ತೊಳೆಯುವ ಅಗತ್ಯ ಎಷ್ಟಿದೆ?

ಬ್ರಷ್ ಮುಖಕ್ಕೆ ತಾಗಿದಾಗಲೆಲ್ಲ ಚರ್ಮದ ಜಿಡ್ಡು, ಸತ್ತ ಜೀವಕೋಶ, ಬೆವರು, ಹಳೆಯ ಫೌಂಡೇಶನ್ ಎಲ್ಲವೂ ಅದರ ಕೂದಲಿಗೆ ಅಂಟುತ್ತವೆ. ತೇವವೂ ಸೇರಿದರೆ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಬ್ರಿಟನ್‌ನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಬಳಸುತ್ತಿದ್ದ 467 ಮೇಕಪ್ ವಸ್ತುಗಳನ್ನು ಪರೀಕ್ಷಿಸಿದ್ದರು. ಅತಿ ಹೆಚ್ಚು ಬ್ಯಾಕ್ಟೀರಿಯಾ ಸಿಕ್ಕಿದ್ದು ಫೌಂಡೇಶನ್ ಹಚ್ಚುವ ಸ್ಪಂಜುಗಳಲ್ಲಿ. ಅವುಗಳಲ್ಲಿ ಶೇ 93ರಷ್ಟನ್ನು ಒಮ್ಮೆಯೂ ಸ್ವಚ್ಛಗೊಳಿಸಿರಲಿಲ್ಲ, ಶೇ 64ರಷ್ಟು ನೆಲಕ್ಕೆ ಬಿದ್ದವು! ಆ ಅಧ್ಯಯನ ಸ್ಪಂಜು, ಲಿಪ್‌ಸ್ಟಿಕ್, ಐಲೈನರ್, ಮಸ್ಕಾರಾಗಳ ಬಗ್ಗೆ ಇತ್ತೇ ಹೊರತು ಬ್ರಷ್ ಬಗ್ಗೆ ಅಲ್ಲ. ಆದರೆ ಜಿಡ್ಡು, ತೇವದ ಲೆಕ್ಕ ಬ್ರಷ್‌ಗೂ ಅದೇ.

ಈಗ ಸ್ಯಾನಿಟೈಸರ್. ಆಲ್ಕೋಹಾಲ್ ರೋಗಾಣುಗಳನ್ನು ಕೊಲ್ಲುತ್ತದೆ, ನಿಜ. ಆದರೆ ಅದು ಬ್ರಷ್‌ನಲ್ಲಿರುವ ಕೊಳೆಯನ್ನು ತೆಗೆದು ಹೊರಹಾಕುವುದಿಲ್ಲ. ಜಿಡ್ಡಿನ ಪದರದ ಕೆಳಗೆ, ದಟ್ಟ ಕೂದಲಿನ ಬುಡದಲ್ಲಿ ಇರುವುದು ಹಾಗೇ ಉಳಿಯುತ್ತದೆ. ಎಂಜಲು ತಟ್ಟೆಯ ಮೇಲೆ ಸೆಂಟು ಹೊಡೆದ ಹಾಗೆ. ತೊಳೆದ ಮೇಲೆ ಬೇಕಿದ್ದರೆ ಸಿಂಪಡಿಸಿ, ತೊಳೆಯುವ ಬದಲಿಗೆ ಬೇಡ.

ಕುದಿಯುವ ನೀರು ಬ್ರಷ್ ಅನ್ನೇ ಹಾಳು ಮಾಡುತ್ತದೆ. ಕೂದಲನ್ನು ಹಿಡಿಗೆ ಕೂರಿಸಿರುವುದು ಲೋಹದ ಪಟ್ಟಿಯೊಳಗಿನ ಅಂಟು. ಬಿಸಿಗೆ ಅದು ಸಡಿಲವಾದರೆ ಮರುದಿನದಿಂದ ಕೂದಲು ಕೆನ್ನೆಯ ಮೇಲೆ ಉದುರತೊಡಗುತ್ತದೆ. ಮೈಕ್ರೋವೇವ್‌ನಲ್ಲಂತೂ ಇಡಲೇಬೇಡಿ, ಆ ಲೋಹದಿಂದ ಕಿಡಿ ಹಾರುತ್ತದೆ.

ವಿನೆಗರ್ ಕಥೆ ಸ್ವಲ್ಪ ತಮಾಷೆಯದು. ಅದು ಆಮ್ಲ. ಸಾಬೂನು ಕ್ಷಾರ ಗುಣದ್ದು. ಎರಡನ್ನೂ ಬೆರೆಸಿದರೆ ಸಾಬೂನು ಒಡೆದು ಮತ್ತೆ ಕೊಬ್ಬಿನಾಮ್ಲವಾಗುತ್ತದೆ. ಅಂದರೆ ಜಿಡ್ಡು ತೆಗೆಯಲು ಹೋಗಿ ಜಿಡ್ಡನ್ನೇ ತಯಾರಿಸಿದಂತೆ.

ಹಾಗಾದರೆ ಮಾಡಬೇಕಾದ್ದೇನು? ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಶಾಂಪೂ ಸಾಕು, ಬೇಬಿ ಶಾಂಪೂ ಆದರೂ ಸರಿ. ಬ್ರಷ್ ಅನ್ನು ಕೂದಲು ಕೆಳಮುಖವಾಗಿರುವಂತೆ ಹಿಡಿದು ತುದಿಯನ್ನಷ್ಟೇ ಒದ್ದೆ ಮಾಡಿ. ಅಂಗೈಯಲ್ಲಿ ಒಂದು ಹನಿ ಶಾಂಪೂ ಹಾಕಿ, ಅದರಲ್ಲಿ ವೃತ್ತಾಕಾರವಾಗಿ ಮೆಲ್ಲಗೆ ತಿರುಗಿಸಿ. ನೊರೆ ಬಣ್ಣವಿಲ್ಲದೆ ಬರುವವರೆಗೂ ತೊಳೆಯಬೇಕು. ಲೋಹದ ಪಟ್ಟಿಯೊಳಕ್ಕೆ ನೀರು ಇಳಿಯದಂತೆ ನೋಡಿಕೊಳ್ಳಿ.

ಬಹಳ ಜನ ಎಡವುವುದು ಒಣಗಿಸುವಾಗ. ಒದ್ದೆ ಬ್ರಷ್ ಅನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ನೇರವಾಗಿ ಅಂಟಿನ ಬುಡಕ್ಕೆ ಇಳಿಯುತ್ತದೆ. ಸ್ವಚ್ಛ ಬಟ್ಟೆಯಲ್ಲಿ ಒತ್ತಿ, ಮೇಜಿನ ಅಂಚಿನಲ್ಲಿ ಕೂದಲು ಹೊರಚಾಚುವಂತೆ ಅಡ್ಡ ಮಲಗಿಸಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು. ಫ್ಯಾನಿನ ಕೆಳಗಿಡಿ. ಪೂರ್ತಿ ಒಣಗದೆ ಪೌಚಿಗೆ ಸೇರಿಸಿದರೆ ಬೂಷ್ಟು ಖಚಿತ.

ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ 7ರಿಂದ 10 ದಿನಕ್ಕೊಮ್ಮೆ ತೊಳೆಯಲು ಹೇಳುತ್ತದೆ. ಮದುವೆ, ಹಬ್ಬಕ್ಕೆ ಮಾತ್ರ ಮೇಕಪ್ ಮಾಡುವವರು ವಾರ ಎಣಿಸಬೇಕಿಲ್ಲ, ಬಳಸಿದ ಮೇಲೆ ತೊಳೆದು ಒಣಗಿಸಿಟ್ಟರೆ ಆಯಿತು. ಹರಿದ ಅಥವಾ ತೊಳೆದರೂ ವಾಸನೆ ಹೋಗದ ಸ್ಪಂಜನ್ನು ಎಸೆದುಬಿಡಿ.

ಹೆಚ್ಚು ಎಚ್ಚರ ಬೇಕಿರುವುದು ಕಣ್ಣಿನ ಬ್ರಷ್ ವಿಷಯದಲ್ಲಿ. ಮನೆಯಲ್ಲಿ ಒಬ್ಬರಿಗೆ ಮದ್ರಾಸ್ ಐ ಬಂದಿದ್ದು, ಅಕ್ಕ ತಂಗಿಯರು ಅದೇ ಐಲೈನರ್ ಬ್ರಷ್ ಬಳಸಿದರೆ ಸೋಂಕು ಸುಲಭವಾಗಿ ದಾಟುತ್ತದೆ. ಕಣ್ಣು ಕೆಂಪಾಗಿ ನೋವು, ಕೀವು ಅಥವಾ ದೃಷ್ಟಿ ಮಸುಕಾದರೆ ಮೇಕಪ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಆಗ ಹಚ್ಚುತ್ತಿದ್ದ ಕಾಜಲ್, ಮಸ್ಕಾರಾಗಳನ್ನು ಮತ್ತೆ ಬಳಸಬೇಡಿ, ಬೆಲೆ ಎಷ್ಟೇ ಇರಲಿ. ಮದುವೆ ಮನೆಯಲ್ಲಿ ಒಂದೇ ಕಿಟ್‌ನಿಂದ ಹತ್ತು ಜನರಿಗೆ ಮೇಕಪ್ ಆಗುವಾಗ, "ಮಸ್ಕಾರಾಕ್ಕೆ ಒಮ್ಮೆ ಬಳಸಿ ಎಸೆಯುವ ಕಡ್ಡಿ ಇದೆಯಾ ಮೇಡಂ?" ಎಂದು ಕೇಳಲು ಸಂಕೋಚ ಬೇಡ.