ಒಡೆದ ವರ್ಣತಂತು, ಜೀನ್‌ಗಳ ನೆರೆಹೊರೆ

ಸಸ್ತನಿಯ ಒಂದು ಜೀವಕೋಶದಿಂದ ಬೇರ್ಪಡಿಸಿದ ವರ್ಣತಂತುಗಳ ಮೂಲಕ ಇನ್ನೊಂದು ಜೀವಕೋಶಕ್ಕೆ ಜೀನ್ ದಾಟಿಸುವ ವಿಧಾನ 1973ರಲ್ಲಿ ಕೈಗೂಡಿತು. ಅದಕ್ಕೂ ಮೊದಲು ಜೀನ್‌ಗಳ ನೆಲೆ ಹುಡುಕಲು ಕೋಶಗಳನ್ನೇ ಬೆಸೆಯುತ್ತಿದ್ದರು. ಮನುಷ್ಯ ಮತ್ತು ಇಲಿಯ ಕೋಶಗಳನ್ನು ಬೆಸೆದಾಗ ಮಿಶ್ರಕೋಶವು ಮನುಷ್ಯನ ವರ್ಣತಂತುಗಳನ್ನು ಕ್ರಮೇಣ ಕಳೆದುಕೊಳ್ಳುತ್ತದೆ ಎಂದು 1967ರಲ್ಲಿ ಮೇರಿ ವೀಸ್ ಮತ್ತು ಹೊವಾರ್ಡ್ ಗ್ರೀನ್ ತೋರಿಸಿದ್ದರು. ಉಳಿದ ವರ್ಣತಂತುವನ್ನೂ ಉಳಿದ ಕಿಣ್ವವನ್ನೂ ತಾಳೆ ನೋಡಿದರೆ ಜೀನ್ ಯಾವ ವರ್ಣತಂತುವಿನಲ್ಲಿದೆ ಎಂದು ತಿಳಿಯುತ್ತಿತ್ತು. ಅದರ ಅಕ್ಕಪಕ್ಕದಲ್ಲಿ ಯಾವ ಜೀನ್ ಇದೆ ಎಂಬುದನ್ನು ಅರಿಯಲು ಇನ್ನೂ ಸಣ್ಣ ತುಂಡು ಬೇಕಿತ್ತು.

1973ರಲ್ಲಿ ಅಮೆರಿಕದ ವೆಸ್ಲಿ ಮೆಕ್‌ಬ್ರೈಡ್ ಮತ್ತು ಹಾರ್ವೆ ಓಜರ್ ಚೀನೀ ಹ್ಯಾಮ್‌ಸ್ಟರ್‌ನ ವರ್ಣತಂತುಗಳನ್ನು ಇಲಿಯ ಎ9 ಕೋಶಗಳಿಗೆ ಉಣಿಸಿದರು. ಇಂಥ ಪ್ರಯೋಗಗಳಲ್ಲಿ ಕಾಲ್ಸೆಮಿಡ್ ಎಂಬ ಔಷಧದಿಂದ ಕೋಶ ವಿಭಜನೆಯನ್ನು ನಡುವೆಯೇ ತಡೆಯುತ್ತಾರೆ. ಆ ಹಂತದಲ್ಲಿ ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಕೋಶವನ್ನು ಉಬ್ಬಿಸಿ ಒಡೆದು, ಅವುಗಳನ್ನು ಹೊರತೆಗೆಯುತ್ತಾರೆ.

ಜೀನ್ ದಾಟಿತೇ ಎಂದು ತಿಳಿಯಲು ನೆರವಾದದ್ದು ಹ್ಯಾಟ್ ಎಂಬ ಪೋಷಕ ದ್ರಾವಣ. ಅದರಲ್ಲಿರುವ ಅಮಿನಾಪ್ಟೆರಿನ್, ಕೋಶವು ಡಿಎನ್‌ಎಯ ಕಚ್ಚಾ ಸಾಮಗ್ರಿಯನ್ನು ಹೊಸದಾಗಿ ತಯಾರಿಸುವ ದಾರಿಯನ್ನು ಮುಚ್ಚುತ್ತದೆ. ದ್ರಾವಣದಲ್ಲಿರುವ ಹೈಪೊಕ್ಸಾಂಥಿನ್ ಬಳಸಿ ಬದುಕಲು ಎಚ್‌ಪಿಆರ್‌ಟಿ ಕಿಣ್ವ ಬೇಕು. ಎ9 ಕೋಶಗಳಲ್ಲಿ ಅದು ಇಲ್ಲ, ಹಾಗಾಗಿ ಅವು ಸಾಯುತ್ತವೆ. ಆದರೂ ಪ್ರಯೋಗದಲ್ಲಿ ಕೆಲವು ಕೋಶಗಳು ಬದುಕಿ ಗುಂಪುಗುಂಪಾಗಿ ಬೆಳೆದವು. ಅವುಗಳ ಕಿಣ್ವವನ್ನು ಪರೀಕ್ಷಿಸಿದಾಗ ಅದು ಇಲಿಯದ್ದಲ್ಲ, ಹ್ಯಾಮ್‌ಸ್ಟರ್‌ನದ್ದು ಎಂದು ಖಚಿತವಾಯಿತು.

ಒಳಹೊಕ್ಕ ವರ್ಣತಂತು ಸಾಮಾನ್ಯವಾಗಿ ಇಡಿಯಾಗಿ ಉಳಿಯುವುದಿಲ್ಲ. ಕೋಶ ಅದನ್ನು ಚೂರು ಮಾಡುತ್ತದೆ, ಉಳಿಯುವುದು ಒಂದು ತುಣುಕು ಮಾತ್ರ. ಕೆಲವು ಕೋಶಗಳಲ್ಲಿ ಆ ತುಣುಕು ಬಿಡಿಯಾಗಿರುತ್ತದೆ; ಹ್ಯಾಟ್‌ನ ಒತ್ತಡ ತೆಗೆದರೆ ಕಳೆದುಹೋಗುತ್ತದೆ. ಇನ್ನು ಕೆಲವುಗಳಲ್ಲಿ ಅದು ಇಲಿಯ ವರ್ಣತಂತುವಿಗೇ ಸೇರಿ ನೆಲೆಯೂರುತ್ತದೆ.

ಕೊರತೆಯಂತೆ ಕಂಡ ಈ ಒಡೆತವೇ ಅಳತೆಗೋಲಾಯಿತು. ಹತ್ತಿರದ ಜೀನ್‌ಗಳು ಒಂದೇ ತುಣುಕಿನಲ್ಲಿ ಜೊತೆಯಾಗಿ ಬರುತ್ತವೆ, ದೂರದವು ಬೇರೆಯಾಗುತ್ತವೆ. 1975ರಲ್ಲಿ ಕ್ಲಾಸ್ ವಿಲ್ಲೆಕೆ ಮತ್ತು ಯೇಲ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ರಡಲ್ ಮನುಷ್ಯನ ಎಚ್‌ಪಿಆರ್‌ಟಿ ಜೀನನ್ನು ಇಲಿಯ ಕೋಶಕ್ಕೆ ದಾಟಿಸಿದರು. ಮರುವರ್ಷ ಮನುಷ್ಯನ 17ನೇ ವರ್ಣತಂತುವಿನ ಥೈಮಿಡಿನ್ ಕೈನೇಸ್ ಮತ್ತು ಗ್ಯಾಲಕ್ಟೊಕೈನೇಸ್ ಜೀನ್‌ಗಳು ಒಟ್ಟಿಗೆ ದಾಟಿದ್ದು ವರದಿಯಾಯಿತು. ಲಕ್ಷಾಂತರ ಕೋಶಗಳಲ್ಲಿ ಒಂದಕ್ಕೆ ಮಾತ್ರ ಒಲಿಯುತ್ತಿದ್ದ ಯಶಸ್ಸು 1978ರಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಬಳಕೆಯಿಂದ ಹೆಚ್ಚಿತು.

1986ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗದ ಜೀನ್ ಹುಡುಕಾಟಕ್ಕೂ ಈ ವಿಧಾನ ನೆರವಾಯಿತು. 7ನೇ ವರ್ಣತಂತುವಿನಲ್ಲಿ ಆ ಜೀನ್‌ಗೆ ಸಮೀಪದ ಗುರುತುಗಳನ್ನು ಹೊತ್ತ ತುಣುಕುಗಳನ್ನು ಇಲಿಯ ಕೋಶಗಳಿಗೆ ದಾಟಿಸಲಾಯಿತು. ಜೀನ್ ಕೈಗೆ ಸಿಕ್ಕಿದ್ದು 1989ರಲ್ಲಿ, ಡಿಎನ್‌ಎ ತದ್ರೂಪು ತಂತ್ರಗಳಿಂದ.

ಜೀನೋಮ್ ಅನುಕ್ರಮ ತಿಳಿದ ಮೇಲೆ ಈ ಅಳತೆಗೋಲಿನ ಅಗತ್ಯ ಕಡಿಮೆಯಾಯಿತು. ಆದರೆ ವರ್ಣತಂತು ದಾಟಿಸುವ ಕೆಲಸ ನಿಲ್ಲಲಿಲ್ಲ. ಇಡೀ ವರ್ಣತಂತುವನ್ನು ಒಡೆಯದಂತೆ ಸಾಗಿಸುವ ದಾರಿಯನ್ನು ಫೌರ್ನಿಯರ್ ಮತ್ತು ರಡಲ್ 1977ರಲ್ಲೇ ತೆರೆದಿದ್ದರು: ಒಂದೆರಡು ವರ್ಣತಂತುಗಳಷ್ಟೇ ಇರುವ ಕಿರುಕೋಶಗಳನ್ನು ಮಾಡಿ ಬೆಸೆಯುವುದು. 2005ರಲ್ಲಿ ಮನುಷ್ಯನ 21ನೇ ವರ್ಣತಂತುವಿನ ಬಹುಪಾಲನ್ನು ಹೊತ್ತ ಇಲಿ, ಡೌನ್ ಸಿಂಡ್ರೋಮ್ ಅಧ್ಯಯನಕ್ಕಾಗಿ, ಇದೇ ದಾರಿಯಲ್ಲಿ ಹುಟ್ಟಿತು.